ಸೈಗಾನಿನ ಫುಟ್‌ಪಾತ್ ಯಾರದು?



ಹೋ ಚಿ ಮಿನ್ ನಗರವನ್ನು ನಾನು ಮೊದಲು ಕಂಡದ್ದು 2017ರಲ್ಲಿ. 1976ರಲ್ಲಿ ಹೆಸರು ಬದಲಾದರೂ ಜನರ ಬಾಯಲ್ಲಿ ಅದಿನ್ನೂ ಸೈಗಾನ್. ಆ ವರ್ಷ ನಗರದ ನಡುಭಾಗದಲ್ಲಿ ಅಧಿಕಾರಿಗಳು ಫುಟ್‌ಪಾತ್ ತೆರವು ಮಾಡಿಸುತ್ತಿದ್ದರು. ಅಂಗಡಿಗಳ ಮೆಟ್ಟಿಲುಗಳನ್ನೇ ಒಡೆದರು. ಅಕ್ಕಿ ಶ್ಯಾವಿಗೆಯ ಸಾರು ಮಾರುವವರು ಒಲೆ ಎತ್ತಿಕೊಂಡು ಗಲ್ಲಿ ಸೇರಿದರು.

2025ರಲ್ಲಿ ಮತ್ತೆ ಹೋದೆ. ಬೆನ್ ಥಾನ್ ಮಾರುಕಟ್ಟೆಯ ಬಳಿಯಿಂದ ಮೆಟ್ರೋ ರೈಲು ಓಡುತ್ತಿತ್ತು. 2024ರ ಡಿಸೆಂಬರಿನಲ್ಲಿ ಆರಂಭವಾದದ್ದು, ಸುಮಾರು 20 ಕಿಲೋಮೀಟರ್. ಮೋಟಾರ್ ಸೈಕಲ್ಲುಗಳ ಹೊಳೆ ಮಾತ್ರ ಬತ್ತಿರಲಿಲ್ಲ. ಒಲೆಗಳೂ ಮರಳಿ ಬಂದಿದ್ದವು! ಏಕೆ? ದುಡಿಯುವವನಿಗೆ ಅಗ್ಗದ ಊಟ ಸಿಗುವುದು ಅಲ್ಲಿಯೇ.

2024ರಲ್ಲಿ ನಗರಾಡಳಿತ ಧೋರಣೆ ಬದಲಿಸಿತು. ನಡೆಯುವವರಿಗೆ ಒಂದೂವರೆ ಮೀಟರ್ ಬಿಟ್ಟು, ಉಳಿದ ಜಾಗಕ್ಕೆ ಶುಲ್ಕ: ಚದರ ಮೀಟರಿಗೆ ತಿಂಗಳಿಗೆ 20,000ದಿಂದ 3,50,000 ಡಾಂಗ್. ನಮ್ಮ ಲೆಕ್ಕದಲ್ಲಿ ಸುಮಾರು 70ರಿಂದ 1,200 ರೂಪಾಯಿ. ಓಡಿಸುವುದಕ್ಕಿಂತ ಇದು ಮೇಲು. ಆದರೆ ಅಗಲ ರಸ್ತೆಯ ಅಂಗಡಿಯವನಿಗೆ ದಕ್ಕುವ ರಸೀತಿ, ಹೆಗಲ ಮೇಲೆ ಅಡ್ಡೆ ಹೊತ್ತು ಬೀದಿ ತಿರುಗುವ ಹೆಂಗಸಿಗೆ ದಕ್ಕೀತೇ?

ಕೆಂಪು ಬಾವುಟದ ಊರಿನಲ್ಲೂ ಈ ಪ್ರಶ್ನೆ ಕೇಳಲೇಬೇಕು. ಬಡವರ ಒಲೆಗೆ ಜಾಗ ಕೊಡದ ಊರು ಎಷ್ಟು ಮೆರೆದರೇನು?