ಕವಿಯ ಮನೆಗೆ ಹೋಗಿ ಬಂದೆವು

(ಸಂಘದ ವಾರ್ಷಿಕ ಉಪನ್ಯಾಸದ ಲಿಖಿತ ರೂಪ)



ಹೊರನಾಡಿನಲ್ಲಿ ಕನ್ನಡದ ಸಾಹಿತ್ಯ ಪರಂಪರೆ ಎಂಬ ವಿಷಯವನ್ನು ಕುರಿತು ನಾನು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಅಷ್ಟು ವಿಸ್ತಾರವಾದ ವಿಷಯವನ್ನು ನಿಭಾಯಿಸುವ ವಿದ್ವತ್ತು ನನ್ನಲ್ಲಿಲ್ಲ. 38 ವರ್ಷ ಈ ಮುಂಬಯಿಯಲ್ಲಿ ಬ್ಯಾಂಕಿನ ಲೆಕ್ಕದ ಪುಸ್ತಕಗಳ ನಡುವೆ ಕಳೆದವನು ನಾನು. ಆದ್ದರಿಂದ ಪರಂಪರೆಯೆಂಬ ಸಮುದ್ರವನ್ನು ಬಿಟ್ಟು, ಕಳೆದ ಬೇಸಗೆಯಲ್ಲಿ ನಾನೂ ನನ್ನ ಮೊಮ್ಮಗಳೂ ಕವಿಯೊಬ್ಬರ ಮನೆಯನ್ನು ನೋಡಲು ಹೋಗಿಬಂದ ಒಂದು ದಿನದ ವೃತ್ತಾಂತವನ್ನು ಹೇಳುತ್ತೇನೆ. ಕವಿಯ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಹೇಳಲಾರೆ. ಹೇಳಿದರೆ ಅದು ಒಂದು ಸಂಸ್ಥೆಯ ಮೇಲಿನ ದೂರಾಗುತ್ತದೆ. ಅಲ್ಲಿ ದುಡಿಯುವ ಒಬ್ಬನೇ ಒಬ್ಬ ಬಡವನ ತಲೆಯ ಮೇಲೆ ಆ ದೂರು ಬೀಳುತ್ತದೆ.

ಮೊಮ್ಮಗಳು ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು, 9ನೆಯ ತರಗತಿ. ಮನೆಯಲ್ಲಿ ಕನ್ನಡ ಮಾತನಾಡುತ್ತಾಳೆ. ಅಕ್ಷರ ಕಲಿತದ್ದು ನಮ್ಮ ಸಂಘದ ಭಾನುವಾರದ ತರಗತಿಯಲ್ಲಿ. ಒತ್ತಕ್ಷರ ಬಂದಾಗ ತುಸು ತಡೆದು ಓದುತ್ತಾಳೆ. ಎರಡು ವರ್ಷಗಳ ಹಿಂದೆ ರಾಜ್ಯೋತ್ಸವದ ದಿನ ಇದೇ ವೇದಿಕೆಯ ಮೇಲೆ ಆ ಕವಿಯ ಪದ್ಯವೊಂದನ್ನು ಒಪ್ಪಿಸಿ ಸ್ಟೀಲಿನ ಲೋಟವನ್ನು ಬಹುಮಾನವಾಗಿ ಪಡೆದವಳು. 'ಅಜ್ಜ, ಅವರ ಮನೆ ಈಗಲೂ ಇದೆಯಾ?' ಎಂದು ಅಂದು ಕೇಳಿದ್ದಳು. ಇದೆ, ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ನಮ್ಮಂಥವರ ಮಕ್ಕಳಿಗೆ ಕನ್ನಡನಾಡು ಎಂದರೆ ಮದುವೆಯ ಛತ್ರ, ಕುಲದೇವರ ಗುಡಿ, ಅತ್ತೆಯ ಮನೆ, ಇಷ್ಟೇ. ಅದರಾಚೆಗೂ ಒಂದಿದೆ ಎಂದು ತೋರಿಸಬೇಕೆಂಬ ಹಂಬಲ ನನಗಿತ್ತು.

ರಾತ್ರಿಯ ರೈಲು, ಅನಂತರ ಬಸ್ಸು, ಕೊನೆಗೆ ಆಟೋ. ಮಧ್ಯಾಹ್ನ ಪೌಣೆ ಒಂದಕ್ಕೆ ತಲುಪಿದೆವು. ಫಲಕದ ಮೇಲೆ ಬೆಳಿಗ್ಗೆ 10ರಿಂದ ಸಂಜೆ 5-30ರವರೆಗೆ ಎಂದು ಬರೆದಿತ್ತು. ಬಾಗಿಲಿಗೆ ಬೀಗ. ಎದುರಿನ ಚಹಾದಂಗಡಿಯವರು, 'ತಾಲೂಕು ಆಫೀಸಿಗೆ ಹೋಗಿದಾನೆ ಸಾರ್, ನಾಲ್ಕು ತಿಂಗಳಿಂದ ಸಂಬಳ ಆಗಿಲ್ಲವಂತೆ' ಎಂದರು. ಜಗಲಿಯ ಮೇಲೆ ಕುಳಿತೆವು. ಕಣ್ಣೆದುರಿಗೆ ಎರಡು ಗ್ರಾನೈಟ್ ಕಲ್ಲುಗಳು: ಒಂದು ಶಂಕುಸ್ಥಾಪನೆಯದು, ಇನ್ನೊಂದು ಉದ್ಘಾಟನೆಯದು. ಬೇರೆ ಕೆಲಸವಿಲ್ಲದೆ ಎಣಿಸಿದೆ. ಎರಡರಲ್ಲೂ ಸೇರಿ 19 ಹೆಸರುಗಳು. ಮಂತ್ರಿಗಳು, ಶಾಸಕರು, ನಿಗಮದ ಅಧ್ಯಕ್ಷರು, ಅಧಿಕಾರಿಗಳು, ಗುತ್ತಿಗೆದಾರರು. ಕವಿಯ ಹೆಸರು ಕಟ್ಟಡದ ಹೆಸರಿನ ಭಾಗವಾಗಿ ಒಮ್ಮೆ ಬಂದಿತ್ತು. ಗುತ್ತಿಗೆದಾರರ ಹೆಸರಿನ ಅಕ್ಷರಗಳು ಅದಕ್ಕಿಂತ ಸ್ಫುಟವಾಗಿದ್ದವು.

ಮೂರೂಕಾಲಿಗೆ ಆತ ಸೈಕಲ್ ತಳ್ಳಿಕೊಂಡು ಬಂದ. 'ತಪ್ಪಾಯ್ತು ಸಾರ್, ನಾನೊಬ್ಬನೇ ಇರೋದು' ಎಂದು ಬಾಗಿಲು ತೆರೆದ.

ಒಳಗೇನಿತ್ತು ಎಂದು ಕೇಳುವಿರಿ. ಗೋಡೆಯ ತುಂಬ ಭಾವಚಿತ್ರಗಳು. ಕವಿಗಳು ರಾಜ್ಯಪಾಲರಿಂದ ಪ್ರಶಸ್ತಿ ಪಡೆಯುತ್ತಿರುವುದು, ಕುಲಪತಿಗಳಿಂದ ಗೌರವ ಡಾಕ್ಟರೇಟ್ ಪಡೆಯುತ್ತಿರುವುದು, ಯಾರದೋ ಕೈಯಿಂದ ಶಾಲು ಹೊದೆಯುತ್ತಿರುವುದು. ಒಂದು ಚಿತ್ರದಲ್ಲಾದರೂ ಅವರು ಬರೆಯುತ್ತ ಕುಳಿತಿರಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಕನ್ನಡಕ, ಊರುಗೋಲು, ಲೇಖನಿ; ಅವುಗಳ ಮುಂದೆ 'ಕವಿಗಳು ಬಳಸಿದ ಕನ್ನಡಕ', 'ಕವಿಗಳು ಬಳಸಿದ ಊರುಗೋಲು' ಎಂಬ ಚೀಟಿಗಳು. ಯಾವ ವರ್ಷ, ಯಾವ ಕಾವ್ಯವನ್ನು ಬರೆಯುವಾಗ, ಏನೂ ಇಲ್ಲ. ಅವರ ಧ್ವನಿಮುದ್ರಣ ಆಕಾಶವಾಣಿಯಲ್ಲಿ ಕೇಳಿ ಬೆಳೆದವನು ನಾನು. ಅದನ್ನು ಕೇಳಿಸುವ ಯಂತ್ರ ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕುಳಿತಿತ್ತು, ಕೆಟ್ಟಿದೆ ಎಂದರು. ಅವರ ಪುಸ್ತಕವೊಂದನ್ನು ಮೊಮ್ಮಗಳಿಗೆ ಕೊಳ್ಳೋಣವೆಂದರೆ ಮಾರಾಟದ ಕಪಾಟಿನ ಕೀಲಿಕೈ ಇನ್ನೊಬ್ಬರ ಬಳಿ, ಅವರು ರಜೆಯಲ್ಲಿ.

ಹೊರಡಬೇಕೆನ್ನುವಾಗ ಕಿಟಕಿಯ ಪಕ್ಕದ ಪೆಟ್ಟಿಗೆಯ ಮೇಲೆ ಅವಳು ಬಗ್ಗಿ ನಿಂತಳು. ಒಳಗೊಂದು ಹಸ್ತಪ್ರತಿಯ ಹಾಳೆ. ಪಶ್ಚಿಮದ ಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತಿತ್ತು. ಶಾಯಿ ಕಂದಿ ಗೋಣಿಯ ಬಣ್ಣಕ್ಕೆ ತಿರುಗಿತ್ತು. ಅಲ್ಲಿ ಚೀಟಿಯೂ ಇರಲಿಲ್ಲ. ಅವಳು ಅಕ್ಷರ ಅಕ್ಷರವಾಗಿ ಕೂಡಿಸಿ ಓದುತ್ತಿದ್ದಳು. ಇದ್ದಕ್ಕಿದ್ದಂತೆ, 'ಅಜ್ಜ, ಇದು ನನ್ನ ಪದ್ಯ!' ಎಂದಳು. ಹೌದು, ಅವಳು ಒಪ್ಪಿಸಿದ ಪದ್ಯವೇ. ಎರಡನೆಯ ನುಡಿಯಲ್ಲಿ ಕವಿ ಒಂದು ಶಬ್ದವನ್ನು ಬರೆದು, ಹೊಡೆದುಹಾಕಿ, ಮೇಲೆ ಇನ್ನೊಂದನ್ನು ಬರೆದಿದ್ದರು. ಅಚ್ಚಾದದ್ದು ಮೇಲಿನದು. 'ಮೊದಲು ಬೇರೆ ಇತ್ತು ಅಜ್ಜ. ಅವರಿಗೂ ಮೊದಲು ತಪ್ಪಿತ್ತಾ?' ಎಂದಳು. ಆ ಹೊಡೆದುಹಾಕಿದ ಶಬ್ದವನ್ನು ಓದಲು ಇನ್ನೂ ಬಗ್ಗಿದಳು. ಅಷ್ಟರಲ್ಲಿ ಕರೆಂಟು ಹೋಯಿತು, ಬಸ್ಸಿಗೂ ಹೊತ್ತಾಗಿತ್ತು.

ಬಂಧುಗಳೆ, ಎರಡೂವರೆ ಗಂಟೆ ಕಾದು, ಅರ್ಧ ಗಂಟೆ ನೋಡಿ, ನಾವು ಪಡೆದದ್ದು ಆ ಎರಡು ನಿಮಿಷ. ಅದನ್ನೇ ಬಿಸಿಲು ದಿನವೂ ತಿನ್ನುತ್ತಿದೆ. ಹಳೆಯ ಕಾಗದ, ಶಾಯಿಗಳ ಮೇಲೆ ಬೀಳುವ ಬೆಳಕು 50 ಲಕ್ಸ್ ಮೀರಬಾರದೆಂಬುದು ಜಗತ್ತಿನ ವಸ್ತುಸಂಗ್ರಹಾಲಯಗಳು ಅನುಸರಿಸುವ ನಿಯಮ. ಅದು ಮಬ್ಬು ಕೋಣೆಯ ಬೆಳಕು. ನೇರ ಬಿಸಿಲು ಅದರ ಸಾವಿರ ಪಟ್ಟಿಗೂ ಹೆಚ್ಚು. ಇಂಥಲ್ಲಿ ಹಣದ ಮಾತನ್ನೆತ್ತುವುದು ವಾಡಿಕೆ. ಆದರೆ ಕಿಟಕಿಗೊಂದು ಪರದೆ ಹಾಕಲು ಅನುದಾನ ಬೇಕಿಲ್ಲ.

ಹಣವಿಲ್ಲವೆಂದೂ ಅಲ್ಲ. ಕಟ್ಟಲು ಹಣ ಬರುತ್ತದೆ, ನಡೆಸಲು ಬರುವುದಿಲ್ಲ. ಕಟ್ಟುವುದಕ್ಕೆ ಕಲ್ಲಿನ ಮೇಲೆ ಹೆಸರುಂಟು. ದೀಪದ ಬಿಲ್ಲು ಕಟ್ಟುವುದಕ್ಕೆ, ಕಸ ಗುಡಿಸುವವನಿಗೆ ತಿಂಗಳು ತಿಂಗಳು ಸಂಬಳ ಕೊಡುವುದಕ್ಕೆ ಯಾವ ಕಲ್ಲನ್ನೂ ನೆಡುವುದಿಲ್ಲ. ಸರ್ಕಾರ ಬದಲಾದರೆ ಸಮಿತಿ ಬದಲಾಗುತ್ತದೆ. ಹೊಸ ಸಮಿತಿ ಬರುವವರೆಗೆ ಚೆಕ್ಕಿಗೆ ಸಹಿ ಹಾಕುವವರಿಲ್ಲ. ಬ್ಯಾಂಕಿನವನಾದ ನನಗೆ ಈ ರೋಗದ ಪರಿಚಯ ಚೆನ್ನಾಗಿದೆ.

ಇದು ಕನ್ನಡದ ಒಂದು ಮೂಲೆಯ ಕಥೆ ಮಾತ್ರವೆಂದು ತಿಳಿಯಬೇಡಿ. ಶಾಂತಿನಿಕೇತನದ ಸಂಗ್ರಹಾಲಯದಿಂದ ರವೀಂದ್ರನಾಥ ಠಾಕೂರರ ನೊಬೆಲ್ ಪದಕ 2004ರ ಮಾರ್ಚಿನಲ್ಲಿ ಕಳುವಾಯಿತು. ನೊಬೆಲ್ ಪ್ರತಿಷ್ಠಾನ ಪ್ರತಿಕೃತಿಗಳನ್ನು ಮಾಡಿಸಿಕೊಟ್ಟಿತು. ಕುಪ್ಪಳಿಯ ಕವಿಮನೆಗೆ 2015ರ ನವೆಂಬರಿನಲ್ಲಿ ಕಳ್ಳರು ನುಗ್ಗಿ ಕುವೆಂಪು ಅವರ ಪದ್ಮ ಪ್ರಶಸ್ತಿಯ ಪದಕಗಳನ್ನು ಒಯ್ದರು. ಅಂದು ಪತ್ರಿಕೆಗಳಲ್ಲಿ ಎಷ್ಟು ಕಣ್ಣೀರು ಹರಿಯಿತು! ಪದಕ ಹೋದರೆ ನಾಡೆಲ್ಲ ಅಳುತ್ತದೆ. ಹಸ್ತಪ್ರತಿಯ ಶಾಯಿ ಹಾರಿಹೋದರೆ ಪೊಲೀಸ್ ಠಾಣೆಯಲ್ಲಿ ದೂರೂ ದಾಖಲಾಗುವುದಿಲ್ಲ. ಕುಪ್ಪಳಿಯ ಮನೆಯನ್ನು ಮಾತ್ರ ಮೆಚ್ಚಿಯೇ ಹೇಳಬೇಕು. ಆ ತೊಟ್ಟಿಮನೆಯಲ್ಲಿ ನಿಂತಾಗ, ಆಮೇಲೆ ಕವಿಶೈಲಕ್ಕೆ ಏರಿದಾಗ, ಆ ಕಾದಂಬರಿಗಳ ಮಲೆನಾಡು ಎಲ್ಲಿಂದ ಬಂತೆಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

ನಮ್ಮ ಈ ಮಹಾರಾಷ್ಟ್ರದಲ್ಲಿಯೇ, ಗಣಪತಿಪುಳೆಯ ಸಮೀಪ ಮಾಲಗುಂಡವೆಂಬ ಹಳ್ಳಿಯಿದೆ. ಆಧುನಿಕ ಮರಾಠಿ ಕಾವ್ಯದ ಮೂಲಪುರುಷನೆನಿಸಿದ ಕೇಶವಸುತ ಹುಟ್ಟಿದ ಊರು ಅದು. 39ನೆಯ ವಯಸ್ಸಿಗೆ, 1905ರಲ್ಲಿ ತೀರಿಕೊಂಡ ಬಡ ಶಿಕ್ಷಕ ಆತ. ಸಾಹಿತಿಗಳದೇ ಸಂಸ್ಥೆಯಾದ ಕೊಂಕಣ ಮರಾಠಿ ಸಾಹಿತ್ಯ ಪರಿಷತ್ತು ಅಲ್ಲಿ ಸ್ಮಾರಕವನ್ನು ಮಾಡಿದೆ. ಕವಿಯ ವಸ್ತುಗಳಿಗಿಂತ ಕವಿತೆಗಳೇ ಅಲ್ಲಿ ಮುಂದೆ ನಿಂತಿವೆ, ಕಲ್ಲಿನ ಮೇಲೆ ಕೊರೆದು. ಅಲ್ಲಿ ನಾನು ಕಂಡ ಶಾಲಾಮಕ್ಕಳು ಅವನ್ನು ಗಟ್ಟಿಯಾಗಿ ಓದುತ್ತಿದ್ದರು. ನನ್ನ ಮರಾಠಿ ನೆರೆಯವರು ಗಣಪತಿಪುಳೆಗೆ ಹೋದವರು ಮಾಲಗುಂಡಕ್ಕೂ ಹೋಗಿಬರುತ್ತಾರೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಇನ್ನೊಂದು ಮಾತು, ಕೆಲವರಿಗೆ ಹಿಡಿಸಲಿಕ್ಕಿಲ್ಲ. ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ತೊಡಗಿದಾಗ ಪತ್ರಿಕೆಗಳ ಕೂಗಿನಿಂದ ಅದು ಉಳಿಯಿತು. ನಗರಪಾಲಿಕೆ ಕೊಂಡುಕೊಂಡು, 2016ರಲ್ಲಿ ಸಂಗ್ರಹಾಲಯವಾಗಿ ತೆರೆಯಿತು. ಇಂಗ್ಲಿಷಿನಲ್ಲಿ ಬರೆದ ಲೇಖಕರ ಮನೆಗೆ ಕನ್ನಡಿಗರ ತೆರಿಗೆಯ ಹಣವೇಕೆ ಎಂದು ನಮ್ಮ ಕೆಲವು ಸಾಹಿತಿಗಳು ಆಕ್ಷೇಪಿಸಿದರು. ನನಗೆ ಆ ಆಕ್ಷೇಪ ಸರಿತೋರಲಿಲ್ಲ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗೋವಿಂದ ಪೈಗಳದು ಕೊಂಕಣಿ. ಪರಭಾಷೆಯ ನಡುವೆ ಬದುಕುತ್ತಿರುವ ನಾವಾದರೂ 'ಇವನಾರವ' ಎಂದು ಕೇಳುವ ಸಾಲಿನಲ್ಲಿ ನಿಲ್ಲಬಾರದು. ನಾಳೆ ಮುಂಬಯಿಯಲ್ಲಿ ಕನ್ನಡ ಲೇಖಕನ ನೆನಪಿಗೆ ಒಂದು ಕೋಣೆ ಕೊಡಿ ಎಂದು ನಾವು ಯಾವ ಮುಖವಿಟ್ಟುಕೊಂಡು ಕೇಳುವುದು?

ಗೋವಿಂದ ಪೈಗಳ ಹೆಸರು ಬಂತು. ಅವರ ಮಂಜೇಶ್ವರ 1956ರಿಂದ ಕೇರಳದಲ್ಲಿದೆ. ಮದ್ರಾಸು ಸರ್ಕಾರದಿಂದ 1949ರಲ್ಲಿ ರಾಷ್ಟ್ರಕವಿ ಎನಿಸಿಕೊಂಡ ಅವರು ಕೊನೆಗಾಲವನ್ನು ಹೊರನಾಡ ಕನ್ನಡಿಗರಾಗಿಯೇ ಕಳೆದರು. ತಾವು ಮನೆ ಬಿಟ್ಟು ಕದಲಲಿಲ್ಲ, ಗಡಿಯೇ ಕದಲಿತು. ಅವರು ಬದುಕೆಲ್ಲ ಕೂಡಿಸಿದ ಗ್ರಂಥಗಳು ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿವೆ, ಮನೆ ಮಂಜೇಶ್ವರದಲ್ಲಿ. ಪುಸ್ತಕಗಳು ಓದುವವರ ಕೈಗೆ ಸಿಗುವಲ್ಲಿರುವುದೇ ಒಳ್ಳೆಯದೆನ್ನಬಹುದು. ಆದರೂ ಪಂಡಿತನ ಮನೆಯೊಂದು ಕಡೆ, ಅವನ ಪುಸ್ತಕಗಳು ಇನ್ನೊಂದು ಕಡೆಯಾದಾಗ, ಮನೆಗೆ ಬಂದವನು ಏನನ್ನು ನೋಡಬೇಕೆಂಬ ಪ್ರಶ್ನೆ ಉಳಿಯುತ್ತದೆ.

ಇನ್ನು ನಮ್ಮ ನಗರದ ಮಾತು. ಯಶವಂತ ಚಿತ್ತಾಲರು ಹನೇಹಳ್ಳಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬಾಳಿ, 2014ರಲ್ಲಿ ಇಲ್ಲಿಯೇ ತೀರಿಕೊಂಡರು. 'ಶಿಕಾರಿ'ಯ ನಾಗಪ್ಪ ಅಲೆದ ಬೀದಿಗಳಲ್ಲಿ ನಾವು ದಿನವೂ ಓಡಾಡುತ್ತೇವೆ. ಆದರೆ ಫ್ಲ್ಯಾಟುಗಳಲ್ಲಿ ಬದುಕಿದ ಲೇಖಕರು ಸ್ಮಾರಕವಾಗಬಲ್ಲ ಮನೆಗಳನ್ನು ಬಿಟ್ಟುಹೋಗುವುದಿಲ್ಲ. ಬಿಟ್ಟುಹೋಗುವುದು ಕಾಗದಪತ್ರಗಳನ್ನು, ಅವು ನಮ್ಮ ನಿಮ್ಮ ಕಪಾಟುಗಳಲ್ಲಿವೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಈ ಸಂಘದ ಗ್ರಂಥಪಾಲನಾಗಿ ನಾನು ಆರು ವರ್ಷ ಇದ್ದೆ. ನಮ್ಮ ಹಿರಿಯರು ನಡೆಸುತ್ತಿದ್ದ ಕೈಬರಹದ ಪತ್ರಿಕೆಯ ಸಂಚಿಕೆಗಳನ್ನೂ, ಅತಿಥಿಗಳಾಗಿ ಬಂದ ಸಾಹಿತಿಗಳು ಊರಿಗೆ ಮರಳಿ ಬರೆದ ಪತ್ರಗಳನ್ನೂ ಒಂದು ಗಾದ್ರೆಜ್ ಕಪಾಟಿನಲ್ಲಿಟ್ಟು, ನುಸಿಗುಳಿಗೆ ಹಾಕಿ, ಬೀಗ ಜಡಿದೆ. ಸುರಕ್ಷಿತವಾಗಿರಲೆಂದೇ ಹಾಕಿದ ಬೀಗ. ಕೀಲಿಕೈ ಎಲ್ಲಿ ಹೋಯಿತೋ, ಅನಂತರ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಊರಿನಿಂದ ಮರಳಿದ ವಾರವೇ ಬೀಗದವನನ್ನು ಕರೆಸಿ ತೆಗೆಸಿದೆ. ಕೆಳಗಿನ ಎರಡು ಅರೆಗಳು ಎಂದೋ ಒಂದು ಮಳೆಗಾಲದಲ್ಲಿ ನೆನೆದು ಒಂದೇ ಮುದ್ದೆಯಾಗಿವೆ. ಮೇಲಿನವು ಉಳಿದಿವೆ. ಈ ಸಂಗತಿಯನ್ನು ಕಾರ್ಯದರ್ಶಿಗಳಿಗೆ ಮೊನ್ನೆ ತಿಳಿಸಿದೆ. ನಿಮಗೆ ಇಂದು ಹೇಳುತ್ತಿದ್ದೇನೆ. ಹಾಗಾಗಿ ಆ ಸಂಸ್ಥೆಗೆ ಬರೆದ ದೂರಿನ ಪತ್ರವನ್ನು ನಾನು ಹರಿದು, ಬೇರೊಂದನ್ನು ಬರೆದೆ: ಹಸ್ತಪ್ರತಿಯನ್ನು ಬಿಸಿಲಿನಿಂದ ಸರಿಸಿ, ಅದರ ಛಾಯಾಪ್ರತಿಯನ್ನು ಮುಂದಿಡಿ, ಖರ್ಚು ನಮ್ಮದು ಎಂದು. ನಾಲ್ಕು ತಿಂಗಳಾದರೂ ಉತ್ತರ ಬಂದಿಲ್ಲ.

ಉತ್ತರ ಬಂದದ್ದು ಬೇರೆ ಕಡೆಯಿಂದ. ಹೊರಡುವಾಗ ಸಂದರ್ಶಕರ ಪುಸ್ತಕದಲ್ಲಿ ಮೊಮ್ಮಗಳು ಬರೆದಿದ್ದಳು. 'ಬಹಳ ಚೆನ್ನಾಗಿದೆ', 'ಅದ್ಭುತ' ಎಂಬ ಸಾಲುಗಳ ಕೆಳಗೆ, 'ಕಿಟಕಿಯ ಹತ್ತಿರದ ಕಾಗದದಲ್ಲಿ ಹೊಡೆದುಹಾಕಿದ ಶಬ್ದ ಯಾವುದು?' ಎಂದು ಬರೆದು, ನನ್ನ ದೂರವಾಣಿ ಸಂಖ್ಯೆ ಕೊಟ್ಟಿದ್ದಳು. ಕಳೆದ ತಿಂಗಳು ಒಂದು ಸಂಜೆ ಆ ಬೀಗದ ಕೈಯವನೇ ಫೋನು ಮಾಡಿದ. ಸಂಬಳ ಬಂದಿತಂತೆ, ಎರಡು ತಿಂಗಳದು. 'ನಾನು ದಿನಾ ಅದರ ಮೇಲಿನ ಧೂಳು ಒರೆಸ್ತೀನಿ ಸಾರ್, ಓದಿರಲೇ ಇಲ್ಲ' ಎಂದ. ಅವನಿಗೂ ಆ ಶಬ್ದ ಸರಿಯಾಗಿ ಕಾಣುತ್ತಿಲ್ಲವಂತೆ. ಮೊದಲ ಅಕ್ಷರ 'ಬೆ' ಇರಬಹುದು ಎಂದ. ಕಿಟಕಿಗೆ ತನ್ನ ಹೆಂಡತಿಯ ಹಳೆಯ ಸೀರೆಯೊಂದನ್ನು ಕಟ್ಟಿದ್ದಾನಂತೆ. ಪುಟ್ಟಿಗೆ ಹೇಳಿ ಎಂದ. ಹೇಳಿದೆ. 'ಬೆ'ಯಿಂದ ಆರಂಭವಾಗಿ ಆ ಸಾಲಿಗೆ ಹೊಂದುವ ಶಬ್ದಗಳನ್ನು ಪಟ್ಟಿ ಮಾಡುತ್ತ ಅವಳೀಗ ನನ್ನ ನಿಘಂಟನ್ನು ಹಿಡಿದು ಕುಳಿತಿದ್ದಾಳೆ.