ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವಾಗ



ನಮ್ಮ ವಕ್ಕಲೇರಿಯಲ್ಲಿ ಮಾರ್ಕಂಡೇಶ್ವರ ಬೆಟ್ಟ ಇದೆ. ಬೆಟ್ಟ ಇದ್ದ ಮೇಲೆ ಇಳಿಜಾರೂ ಇರುತ್ತೆ. ಹಿಂದೆ ಎತ್ತಿನ ಗಾಡಿ ನಿಲ್ಲಿಸಿದರೆ ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. ಈಗ ಟ್ರ್ಯಾಕ್ಟರ್, ಟೆಂಪೋ ಬಂದಿವೆ. ಟೊಮೇಟೊ ತುಂಬಿಕೊಂಡು ಕೋಲಾರದ ಮಾರುಕಟ್ಟೆಗೆ ಹೊರಡುತ್ತೇವೆ. ದಾರಿಯಲ್ಲಿ ಟೀ ಕುಡಿಯಲು ಇಳಿಯುತ್ತೇವೆ. "ಗೇರಲ್ಲಿದೆ ಬಿಡಪ್ಪ, ಎಲ್ಲಿ ಹೋಗುತ್ತೆ?" ಅಂತೀವಿ.

ಹೋಗುತ್ತೆ! ಆಟಕ್ಕೆ ಹತ್ತಿದ ಹುಡುಗ ಕ್ಲಚ್ ತುಳಿದರೆ ಸಾಕು. ತುಂಬಿದ ಟ್ರೈಲರ್ ಹಿಂದಿನಿಂದ ತಳ್ಳುತ್ತೆ. ಕೆಳಗೆ ಯಾರ ಮನೆ ಬಾಗಿಲಿದೆಯೋ, ಯಾರ ಮಕ್ಕಳಿದ್ದಾರೋ!

ಟೆಂಪೋ, ಕಾರು ಆದರೆ ಕಾಲಿನ ಬ್ರೇಕ್ ಒತ್ತಿ ಹಿಡಿಯಿರಿ. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆಯಿರಿ. ಎಂಜಿನ್ ಆಫ್ ಮಾಡಿ. ಆಮೇಲೆ ಗೇರ್ ಹಾಕಿ. ಮುಖ ಏರಿನ ಕಡೆ ಇದ್ದರೆ ಒಂದನೇ ಗೇರ್. ಇಳಿಜಾರಿನ ಕಡೆ ಇದ್ದರೆ ರಿವರ್ಸ್ ಗೇರ್.

ಟ್ರ್ಯಾಕ್ಟರಲ್ಲಿ ಎರಡೂ ಬ್ರೇಕ್ ಪೆಡಲ್ ಸೇರಿಸಿ ತುಳಿದು ಲಾಕ್ ಹಾಕಿ. ಟ್ರೈಲರ್ ಚಕ್ರಕ್ಕೆ ಕಲ್ಲೂ ಕೊಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗಬೇಡಿ. ಕತ್ತಲಲ್ಲಿ ಬರುವ ಸೈಕಲ್ಲಿನವನು ಬೀಳುತ್ತಾನೆ.

"ದಿನಾ ಎಳೆದರೆ ಕೇಬಲ್ ಸವೆಯುತ್ತೆ" ಅಂತ ಕೆಲವರು ಹೇಳ್ತಾರೆ. ಹಾಗಲ್ಲ. ಎಳೆಯದೆ ಬಿಟ್ಟ ಕೇಬಲ್ಲೇ ತುಕ್ಕು ಹಿಡಿಯುವುದು. ಬೇಕಾದ ದಿನ ಅದು ಕೆಲಸ ಮಾಡುವುದಿಲ್ಲ. ದಿನಾ ಬಳಸಿದರೆ, ಸಡಿಲವಾಗಿದ್ದರೂ ಬೇಗ ಗೊತ್ತಾಗುತ್ತೆ. ಮೆಕ್ಯಾನಿಕ್ ಹತ್ತಿರ ಬಿಗಿ ಮಾಡಿಸಬಹುದು.

1988ರ ಮೋಟಾರು ವಾಹನ ಕಾಯ್ದೆಯಲ್ಲೂ ಇದು ಇದೆ. 126ನೇ ಕಲಂ ನೋಡಿ. ಸೀಟಿನಲ್ಲಿ ಲೈಸೆನ್ಸ್ ಇರುವವರು ಇಲ್ಲದಿದ್ದರೆ ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು. ಅಥವಾ ಗಾಡಿ ತಾನಾಗಿ ಉರುಳದಂತೆ ಬೇರೆ ಏರ್ಪಾಡು ಮಾಡಿರಬೇಕು. ಟೀ ಕುಡಿಯುವ ಐದು ನಿಮಿಷಕ್ಕೂ ಇದೇ ಕಾನೂನು.