ದಾಸೋಹದ ಕಟ್ಟಡಕ್ಕೆ ಒಡೆಯರಾರು?

(ಶ್ರೀಮಠದ ಮಹೋತ್ಸವದ ಶಿಕ್ಷಣ ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಈ ಮಂಗಲ ಸಮಾರಂಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರ ಅಪ್ಪಣೆಯಾಗಿದೆ. ಪಾಂಡಿತ್ಯದ ಮಾತು ನನ್ನಲ್ಲಿಲ್ಲ. ಶಿಕ್ಷಣ ಮಂಡಳಿಯೊಂದರ ಸಭಾಸದನಾಗಿ ನಾನು ತಪ್ಪು ಹಾದಿ ಹಿಡಿಯಲಿದ್ದುದನ್ನೂ, ಒಬ್ಬ ತಾಯಿಯು ನನ್ನನ್ನು ತಡೆದುದನ್ನೂ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುವೆನು.

ಗೋಕಾವಿ ಮೂಡಲಗಿಗಳ ನಡುವಿನ ಒಂದು ಹಳ್ಳಿ. ಹೆಸರು ಬೇಡ, ಇಂಥ ಹಳ್ಳಿಗಳು ಹಲವು. ಅಲ್ಲಿಯ ಹಿರಿಯರು ಮನೆಮನೆಯ ವರ್ಗಣಿಯಿಂದ ನಾಲ್ಕು ಕೋಣೆಗಳ ಹಂಚಿನ ಶಾಲೆಯೊಂದನ್ನು ಕಟ್ಟಿಸಿದ್ದರು. ಉಳ್ಳವರು ತೊಲೆ ಜಂತಿಗಳನ್ನು ಕೊಟ್ಟರು. ಇಲ್ಲದವರು ಕಲ್ಲು ಮಣ್ಣು ಹೊತ್ತರು. ಬಹುಕಾಲ ಅಕ್ಷರದಾಸೋಹ ನಡೆದ ಆ ಶಾಲೆಯು ಮಕ್ಕಳಿಲ್ಲದೆ ಮುಚ್ಚಿತು.

ಮಕ್ಕಳು ಎಲ್ಲಿ ಹೋದರು? ನೀರಿದ್ದಲ್ಲಿಗೆ ಹೋದರು. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ಆಣೆಕಟ್ಟು ೧೯೭೭ರಲ್ಲಿ ಪೂರ್ಣವಾಯಿತು. ಧೂಪದಾಳದ ಒಡ್ಡಿನಿಂದ ಹೊರಡುವ ಎಡದಂಡೆಯ ಕಾಲುವೆಗೆ ಆ ನೀರು ಬಲ ಕೊಟ್ಟಿತು. ನೀರು ಹರಿದಲ್ಲಿ ಕಬ್ಬು ಬೆಳೆಯಿತು; ಕಬ್ಬು ಬೆಳೆದಲ್ಲಿ ಒಕ್ಕಲು ಮನೆ ಕಟ್ಟಿಕೊಂಡು ನೆಲೆಸಿತು. ಹೀಗೆ ಊರು ತೋಟಗಳಿಗೆ ಹರಡಿದಂತೆ ಮಕ್ಕಳ ಬೆನ್ನಿಗೆ ತೋಟದ ಶಾಲೆಗಳೂ ಹುಟ್ಟಿದವು. ಉಳಿದ ಮಕ್ಕಳನ್ನು ಪೇಟೆಯ ಆಂಗ್ಲ ಮಾಧ್ಯಮ ಶಾಲೆಗಳ ವಾಹನಗಳು ಕರೆದೊಯ್ದವು. ಅದೇ ಹಿಡಕಲ್ಲಿನ ಜಲಾಶಯದಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲ ಮಂದಿರವು ಬೇಸಿಗೆಯಲ್ಲಿ ನೀರಿಳಿದಾಗ ಮೇಲೆ ಕಾಣುವದನ್ನು ತಮ್ಮಲ್ಲಿ ಅನೇಕರು ನೋಡಿರಬಹುದು. ಕಲ್ಲಿನ ಗೋಡೆಯಿದೆ, ಸುತ್ತಲಿನ ಊರಿಲ್ಲ. ನಮ್ಮ ಶಾಲೆಯು ನೀರಿಲ್ಲದೆಯೇ ಹಾಗಾಗಿತ್ತು.

ಮಂಡಳಿಯ ಸಭೆಯಲ್ಲಿ ಕಟ್ಟಡವನ್ನು ಮಾರುವ ಠರಾವು ಬಂದಿತು. ಒಬ್ಬ ವ್ಯಾಪಾರಿಗೆ ಅದು ಗೋದಾಮಿನ ಸಲುವಾಗಿ ಬೇಕಾಗಿತ್ತು. ಒಂದು ಪಕ್ಷದವರು, “ಹಿರಿಯರ ದಾನವನ್ನು ಮಾರುವದು ಪಾಪ” ಎಂದರು. ಇನ್ನೊಂದು ಪಕ್ಷದವರು, “ಹಂಚು ಒಡೆದಿವೆ, ತೊಲೆಗೆ ಗೆದ್ದಲು ಹತ್ತಿದೆ, ಇಂದು ಮಾರದಿದ್ದರೆ ನಾಳೆ ಮಣ್ಣಷ್ಟೇ ಉಳಿಯುವದು” ಎಂದರು. ಎರಡೂ ಮಾತುಗಳು ಸುಳ್ಳಲ್ಲ. ಆದರೆ ಮಂಡಳಿಯು ಸಾಲದಲ್ಲಿತ್ತು. ಬಂದ ಹಣವನ್ನು ಆ ಸಾಲಕ್ಕೆ ಜಮಾ ಮಾಡತಕ್ಕದ್ದೆಂದು ಠರಾವಿನ ಕೊನೆಯಲ್ಲಿ ಬರೆದಿತ್ತು. ಅದಕ್ಕೆ ಅನುಮೋದನೆ ಕೊಟ್ಟವನು ನಾನೇ.

ಆಗ ಬಾಗಿಲ ಬಳಿ ಕುಳಿತಿದ್ದ ಒಬ್ಬ ವೃದ್ಧ ತಾಯಿ ಎದ್ದು ನಿಂತಳು. ಅಕ್ಷರ ಅರಿಯದವಳು, ಎಳೆಯ ಪ್ರಾಯದಲ್ಲಿ ಅದೇ ಗೋಡೆಗೆ ಕಲ್ಲು ಹೊತ್ತವಳು. “ಯಪ್ಪಾ, ನಾ ಹೊತ್ತ ಕಲ್ಲಿಗೆ ಬೆಲಿ ಕಟ್ಟಾಕತ್ತೀರಿ. ಕಟ್ರಿ, ಬ್ಯಾಡನ್ನೂದಿಲ್ಲ. ಆದ್ರ ರೊಕ್ಕ ಸಾಲಿಗಿ ಹೋಗೂದಾದ್ರ ಮಾರ್ರಿ, ಸಾಲಕ್ಕ ಹೋಗೂದಾದ್ರ ಮುಟ್ಟಬ್ಯಾಡ್ರಿ” ಎಂದಳು. ಸಭೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ನಾನು ತಲೆ ತಗ್ಗಿಸಿದೆನು.

ಬಂಧುಗಳೇ, ನಾವು ಗೋಡೆಯ ವಿಷಯವಾಗಿ ವಾದಿಸುತ್ತಿದ್ದೆವು. ಆ ತಾಯಿಯು ಉದ್ದೇಶವನ್ನು ಕೇಳಿದಳು. ದಾಸೋಹದಲ್ಲಿ ಕೊಟ್ಟವನಿಗೆ ‘ನನ್ನದು’ ಎಂಬುದು ಅಳಿಯುತ್ತದೆ. ಆದರೆ ಬಡಿಸುವವನಿಗೆ ಅದು ತನ್ನದಾಗುವದಿಲ್ಲ. ಪಂಕ್ತಿಯ ಅನ್ನವನ್ನು ಬಡಿಸುವವನು ಮನೆಗೊಯ್ದರೆ ಅದಕ್ಕೆ ಏನೆನ್ನಬೇಕು? ಮಂಡಳಿಯವರಾದ ನಾವು ಬಡಿಸುವವರು ಮಾತ್ರ.

ಸಿರಸಂಗಿಯ ಲಿಂಗರಾಜ ದೇಸಾಯರು ೧೯೦೬ರಲ್ಲಿ ಲಿಂಗೈಕ್ಯರಾದಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟುಹೋದರು. ಹೊಲದ ಉತ್ಪನ್ನವು ವಿದ್ಯಾರ್ಥಿಗಳ ವೇತನವಾಯಿತು. ರೂಪ ಬದಲಾಯಿತು, ಉದ್ದೇಶ ಬದಲಾಗಲಿಲ್ಲ. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಆ ಸಂಸ್ಥೆಯು ೧೯೩೩ರಲ್ಲಿ ತೆರೆದ ಮಹಾವಿದ್ಯಾಲಯಕ್ಕೆ ಲಿಂಗರಾಜರ ಹೆಸರನ್ನೇ ಇಟ್ಟಿತು. ಕಾಯಿದೆಯೂ ಈ ಮಾತನ್ನು ಬಲ್ಲುದು. ಈ ಭಾಗವು ಮುಂಬಯಿ ರಾಜ್ಯದಲ್ಲಿದ್ದಾಗ, ೧೯೫೦ರಲ್ಲಿ ಬಂದ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯಿದೆಯು ಧರ್ಮದಾಯ ಆಯುಕ್ತರ ಪೂರ್ವಾನುಮತಿಯಿಲ್ಲದೆ ಅಂಥ ಸಂಸ್ಥೆಯ ಸ್ಥಿರಾಸ್ತಿಯನ್ನು ಮಾರಿದರೆ ಅದು ಸಿಂಧುವಲ್ಲವೆಂದು ವಿಧಿಸಿತ್ತು. ಮಾರಕೂಡದೆಂದಲ್ಲ; ಕೇಳದೆ ಮಾರಕೂಡದೆಂದು.

ಆ ದಿನ ನಾನು ನನ್ನ ಅನುಮೋದನೆಯನ್ನು ಹಿಂದೆಗೆದುಕೊಂಡೆನು. ಠರಾವನ್ನು ತಿದ್ದಿದೆವು. ಮೊದಲು ಒಂದು ವರುಷ ಆ ಕಟ್ಟಡವನ್ನು ವಾಚನಾಲಯಕ್ಕಾಗಲಿ, ಹೆಣ್ಣುಮಕ್ಕಳ ಸಂಜೆಯ ಅಭ್ಯಾಸಕ್ಕಾಗಲಿ ಉಪಯೋಗಿಸಿ ನೋಡತಕ್ಕದ್ದು. ಅದು ಸಾಗದಿದ್ದರೆ ಊರವರನ್ನು ಕೂಡಿಸಿ ಕೇಳಿ, ಯೋಗ್ಯ ಅಪ್ಪಣೆಯನ್ನು ಪಡೆದು ಮಾರತಕ್ಕದ್ದು; ಬಂದ ಹಣದ ಒಂದು ಪೈಯೂ ಸಾಲಕ್ಕೆ ಸಲ್ಲದೆ ತೋಟದ ಮಕ್ಕಳ ಕೋಣೆಗಳಿಗೇ ಸಲ್ಲತಕ್ಕದ್ದು. ವ್ಯಾಪಾರಿಯು ಬೇರೆ ಸ್ಥಳ ನೋಡಿಕೊಂಡನು. ಮಂಡಳಿಯ ಸಾಲವು ಇನ್ನೂ ಇದೆ. ಅದನ್ನು ತೀರಿಸುವ ಭಾರ ಸಭಾಸದರಾದ ನಮ್ಮದು, ಕಲ್ಲು ಹೊತ್ತವರದಲ್ಲ.

ಈ ಮಠದ ಭಕ್ತರಲ್ಲಿ ಅನೇಕರು ಒಂದಿಲ್ಲೊಂದು ಶಾಲೆಯ ಮಂಡಳಿಯಲ್ಲಿದ್ದೀರಿ. ಇಂಥ ಠರಾವು ತಮ್ಮ ಮುಂದೆ ಬಂದಾಗ ದಯಮಾಡಿ ಅದನ್ನು ಕೊನೆಯವರೆಗೆ ಓದಿರಿ. ಹಣವು ಎಲ್ಲಿಗೆ ಹೋಗುವದೆಂಬುದು ಅಲ್ಲಿ ಬರೆದಿರುತ್ತದೆ. ಓದದೆ ಕೈಯೆತ್ತಿದವನ ವಿನಂತಿಯಿದು.